‘ಮಿತವಾಗಿ’ ಅಂದ್ರೆ ಎಷ್ಟು, ಡಾಕ್ಟರೇ?

ನಮಸ್ಕಾರ. ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಫ್ಲೋರೈಡ್ ಮತ್ತು ನಮ್ಮ ಹಲ್ಲು’ ಲೇಖನ ಓದಿದೆ. ಒಳ್ಳೆಯ ವಿಷಯ, ತಿಳಿಯಾದ ಭಾಷೆ, ಕಾಗುಣಿತದ ತಪ್ಪು ಒಂದೂ ಇಲ್ಲ. ಹೊಗಳಿಕೆ ಇಷ್ಟು ಸಾಕು. ಯಾಕಂದ್ರೆ ನಾಲ್ಕನೇ ಪ್ಯಾರಾ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು.

ಅದು ಶುರುವಾಗೋದೇ ಹೀಗೆ: ‘ಫ್ಲೋರೈಡ್ ವಿಷ ಎನ್ನುವವರಿದ್ದಾರೆ, ವರ ಎನ್ನುವವರಿದ್ದಾರೆ. ಸತ್ಯ ಇವೆರಡರ ನಡುವೆ ಎಲ್ಲೋ ಇದೆ.’

ಎಲ್ಲಿದೆ? ನೀವು ಹಲ್ಲಿನ ಡಾಕ್ಟರು, ನಿಮಗೆ ಗೊತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀರಿಗೆ ಫ್ಲೋರೈಡ್ ಬೆರೆಸುವ ಅಮೆರಿಕದಲ್ಲಿ 2015ರಲ್ಲಿ ಶಿಫಾರಸಾದ ಪ್ರಮಾಣ 0.7 ಮಿಲಿಗ್ರಾಂ. ಅದೇ ಫ್ಲೋರೈಡ್ ದೊಡ್ಡವರ ಪೇಸ್ಟಿನಲ್ಲಿ 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಅಷ್ಟು ಭಾಗ) ಇರುತ್ತದೆ, ಅದನ್ನು ಉಗುಳುತ್ತೇವೆ, ನುಂಗುವುದಿಲ್ಲ. ಇಷ್ಟು ಬರೆದಿದ್ದರೆ ವಿಷವೋ ವರವೋ ಅನ್ನೋ ಜಗಳ ಅರ್ಧ ಮುಗಿಯುತ್ತಿತ್ತು. ನೀವು ಎರಡೂ ಕಡೆಯವರಿಗೆ ಕೈಮುಗಿದು ಪಕ್ಕಕ್ಕೆ ಸರಿದಿದ್ದೀರಿ.

ಮುಂದಿನ ಸಾಲು: ‘ಫ್ಲೋರೈಡ್ ಹಲ್ಲನ್ನು ಬಲಪಡಿಸುತ್ತದೆ ಎನ್ನಲಾಗಿದೆ.’ ಯಾರು ಅಂದಿದ್ದು? ಹೇಗೆ ಬಲಪಡಿಸುತ್ತದೆ? ನಾವು ತಿಂದ ಸಕ್ಕರೆಯಿಂದ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕಿತ್ತುಕೊಳ್ಳುತ್ತದೆ, ಜೊಲ್ಲು ಅದನ್ನು ವಾಪಸ್ ತುಂಬುತ್ತದೆ, ದಿನವಿಡೀ ಇದೇ ನಡೆಯುತ್ತಿರುತ್ತದೆ. ಅಲ್ಲಿ ಒಂಚೂರು ಫ್ಲೋರೈಡ್ ಇದ್ದರೆ ತುಂಬುವ ಕೆಲಸ ಬೇಗ ಆಗುತ್ತದೆ, ಹೊಸದಾಗಿ ಕೂತ ಪದರ ಆಮ್ಲಕ್ಕೆ ಮೊದಲಿನಷ್ಟು ಸುಲಭವಾಗಿ ಕರಗುವುದಿಲ್ಲ. ಅದಕ್ಕೇ ಅಲ್ವಾ ಹಲ್ಲುಜ್ಜಿದ ಮೇಲೆ ನೊರೆ ಉಗುಳಿ ಸುಮ್ನಿರಿ, ನೀರು ಹಾಕಿ ಮುಕ್ಕಳಿಸಬೇಡಿ ಅಂತ ನೀವೆಲ್ಲ ಹೇಳೋದು? ಓದುಗರು ಇವತ್ತು ರಾತ್ರಿಯೇ ಮಾಡಿ ನೋಡಬಹುದಾದ ಮಾತು ಇದೊಂದೇ. ಲೇಖನದಲ್ಲಿ ಅದೇ ಇಲ್ಲ.

ಮೂರನೆಯದು: ‘ಮಕ್ಕಳಿಗೆ ಪೇಸ್ಟನ್ನು ಮಿತವಾಗಿ ಬಳಸಬೇಕು.’

ನಾನು ಪತ್ರಿಕೆಯ ಡೆಸ್ಕಿಗೆ ಸೇರಿದ ಹೊಸತರಲ್ಲಿ ಅಲ್ಲೊಬ್ಬ ಹಿರಿಯರಿದ್ದರು. ‘ಮಿತ’, ‘ಸಾಕಷ್ಟು’, ‘ಹಲವು’ ಕಂಡರೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಎಷ್ಟು?’ ಅಂತ ಬರೆದು ಹಾಳೆಯನ್ನು ನನ್ನ ಮೇಜಿಗೆ ಎಸೆಯುತ್ತಿದ್ದರು. ಬರೆದವರಿಗೆ ಫೋನ್ ಮಾಡಿ ಕೇಳೋದು ನನ್ನ ಕೆಲಸ. ಒಬ್ಬ ಡಾಕ್ಟರು ‘ಅಷ್ಟೂ ಗೊತ್ತಾಗಲ್ವೇನ್ರೀ ಜನಕ್ಕೆ’ ಅಂತ ರೇಗಿದರು. ರೇಗುತ್ತಲೇ ಎಷ್ಟು ಚಮಚ, ದಿನಕ್ಕೆ ಎಷ್ಟು ಸಲ ಎಲ್ಲಾ ಒಂದೇ ಉಸಿರಿಗೆ ಹೇಳಿದರು! ಗೊತ್ತಿತ್ತು, ಬರೆಯುವಾಗ ಮಾತ್ರ ಬಿಟ್ಟಿದ್ದರು. ಆಮೇಲೆ ನೋಡುತ್ತಾ ಬಂದಿದ್ದೇನೆ, ವಿಷಯ ಚೆನ್ನಾಗಿ ಬಲ್ಲವರೇ ಜಾಸ್ತಿ ಹೀಗೆ ಮಾಡೋದು. ಪೆನ್ನು ಹಿಡಿದ ಕೂಡಲೇ ಭಾಷಣಕ್ಕೆ ನಿಂತವರ ಹಾಗೆ ಆಗಿಬಿಡುತ್ತಾರೆ.

ಕ್ಲಿನಿಕ್ಕಿನಲ್ಲಿ ಮಗುವಿನ ತಾಯಿ ಕೇಳಿದರೆ ‘ಮಿತವಾಗಿ’ ಅಂತೀರಾ? ಮೂರು ವರ್ಷದೊಳಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಅಂತ ಬೆರಳ ತುದಿ ತೋರಿಸಿ ಹೇಳುತ್ತೀರಿ. ಯಾಕೆ ಅಂತಲೂ ಹೇಳುತ್ತೀರಿ: ಚಿಕ್ಕ ಮಕ್ಕಳಿಗೆ ಉಗುಳಲು ಸರಿಯಾಗಿ ಬರುವುದಿಲ್ಲ, ನುಂಗಿಬಿಡುತ್ತಾರೆ. ಒಸಡಿನೊಳಗೆ ಶಾಶ್ವತ ಹಲ್ಲು ರೂಪುಗೊಳ್ಳುವ ವಯಸ್ಸು ಅದು. ಆಗ ಹೊಟ್ಟೆಗೆ ಫ್ಲೋರೈಡ್ ಜಾಸ್ತಿ ಹೋದರೆ ಆ ಹಲ್ಲು ಬಿಳಿ ಮಚ್ಚೆ ಹೊತ್ತು ಬರುತ್ತದೆ, ತೀರಾ ಜಾಸ್ತಿಯಾದರೆ ಕಂದು ಕಲೆ.

ಆ ಕಂದು ಕಲೆ ನೋಡಿಯೇ ಅಲ್ಲವೇ ಫ್ರೆಡರಿಕ್ ಮೆಕೇ ತಲೆ ಕೆಡಿಸಿಕೊಂಡಿದ್ದು! 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ, ಅಲ್ಲಿನವರ ಹಲ್ಲಿನ ಮೇಲೆ ಆ ಕಲೆ ಕಂಡ. ಕಲೆ ಇರುವ ಹಲ್ಲು ಹುಳುಕಾಗುವುದು ಕಮ್ಮಿ ಅಂತಲೂ ಗೊತ್ತಾಯಿತು, ಆದರೆ ಆ ಕಲೆಗೆ ಕಾರಣ ನೀರಿನಲ್ಲಿರುವ ಫ್ಲೋರೈಡ್ ಅಂತ ತಿಳಿದದ್ದು 1931ರಲ್ಲಿ. ವಿಷ, ವರ ಎರಡೂ ಒಂದೇ ಬಾಯಲ್ಲಿ. ನೀವು ಈ ಮನುಷ್ಯನನ್ನು ಕೊನೆಯ ಪ್ಯಾರಾದಲ್ಲಿ ಅರ್ಧ ಸಾಲಿಗೆ ಮುಗಿಸಿದ್ದೀರಿ. ನಾಲ್ಕನೇ ಪ್ಯಾರಾ ಅಳಿಸಿ ಅಲ್ಲಿಗೆ ಇವನನ್ನು ತನ್ನಿ.

ಉಳಿದದ್ದು ಹಾಗೇ ಇರಲಿ. ಹಾಂ, ಜೊತೆಗೆ ಕಳಿಸಿದ ಫೋಟೋ ಬದಲಾಯಿಸಿ. ಎರಡು ವರ್ಷದ ಮಗುವಿನ ಕೈಲಿರುವ ಬ್ರಷ್ ಮೇಲೆ ಈ ತುದಿಯಿಂದ ಆ ತುದಿವರೆಗೂ ಪೇಸ್ಟ್ ಇದೆ.