ತ್ರಿತ್ವ ಅಂದರೆ ಮೂರು ದೇವರಾ? ತ್ರಿಮೂರ್ತಿಗಳ ಹಾಗೇನಾ?

ನೀವು ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಕೇಳಿದ್ದೀರಿ. ಕ್ರೈಸ್ತರು ತ್ರಿತ್ವ ಅನ್ನುವಾಗ ತಂದೆ, ಮಗ (ಅಂದರೆ ಯೇಸು), ಪವಿತ್ರಾತ್ಮ ಅಂತ ಮೂವರ ಹೆಸರು ಹೇಳಿ ದೇವರು ಒಬ್ಬನೇ ಅನ್ನುವುದು ಹೇಗೆ? ಇದು ಬ್ರಹ್ಮ ವಿಷ್ಣು ಮಹೇಶ್ವರರ ಹಾಗೇ ಅಲ್ವಾ? ಇದನ್ನು ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಸಭೆ ಕರೆದು ಓಟು ಹಾಕಿಸಿ ಸೇರಿಸಿದ್ದು ಅಂತಾರೆ, ನಿಜವಾ? ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿನಲ್ಲಿ ಬೆಳೆದವನು, ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳಿಗೆ ಪಾಠ ಮಾಡುತ್ತೇನೆ. ಅವರು ಕೇಳುವುದೂ ಇವನ್ನೇ. ನನಗೆ ಇದು ಬರೀ ಸಿದ್ಧಾಂತ ಅಲ್ಲ, ದಿನಾ ಪ್ರಾರ್ಥನೆ ಮಾಡುವ ದೇವರ ವಿಷಯ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಸರಿಯಾಗಿ ತಿಳಿದರೆ ಉಳಿದವು ಸುಲಭ.

ಕ್ರಿ.ಶ. 112ರ ಸುಮಾರಿಗೆ ಪ್ಲಿನಿ ಅನ್ನುವ ರೋಮನ್ ಅಧಿಕಾರಿ ಬಿಥಿನಿಯ ಪ್ರಾಂತ್ಯಕ್ಕೆ ಗವರ್ನರ್ ಆಗಿದ್ದ. ಈಗಿನ ಟರ್ಕಿಯ ಉತ್ತರ ಭಾಗ ಅದು. ಅಲ್ಲಿ ಕ್ರೈಸ್ತರ ಮೇಲೆ ದೂರು ಬಂದವು. ಇವರು ಏನು ಮಾಡುತ್ತಾರೆ ಅಂತ ತಿಳಿಯಲು ಅವನು ಚರ್ಚಿನಲ್ಲಿ ಸೇವೆ ಮಾಡುತ್ತಿದ್ದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಟ್ಟು ವಿಚಾರಣೆ ಮಾಡಿದ. ಆಮೇಲೆ ಚಕ್ರವರ್ತಿ ಟ್ರೇಜನ್‌ಗೆ ಪತ್ರ ಬರೆದ. ಆ ಪತ್ರ ಇವತ್ತಿಗೂ ಉಳಿದಿದೆ. ಇವರು ಒಂದು ಗೊತ್ತಾದ ದಿನ ಬೆಳಗಾಗುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂಬಂತೆ ಒಬ್ಬರಾದ ಮೇಲೊಬ್ಬರು ಹಾಡಿ ಸ್ತುತಿಸುತ್ತಾರೆ, ಕಳವು ಮಾಡುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತು ಮುರಿಯುವುದಿಲ್ಲ ಅಂತ ಆಣೆ ಮಾಡುತ್ತಾರೆ, ಇಷ್ಟೇ ನನಗೆ ಸಿಕ್ಕಿದ್ದು ಅಂತ ಅದರಲ್ಲಿ ಹೇಳುತ್ತಾನೆ. ಕಾನ್‌ಸ್ಟಂಟೈನ್ ಸಭೆ ಕರೆದ ನೈಸಿಯ ಪಟ್ಟಣ ಇದೇ ಬಿಥಿನಿಯದಲ್ಲಿದೆ. ಅಂದರೆ ಸಭೆ ನಡೆಯುವುದಕ್ಕೆ ಇನ್ನೂರು ವರ್ಷ ಮೊದಲೇ, ಅದೇ ಸೀಮೆಯಲ್ಲಿ, ಯೇಸುವನ್ನು ದೇವರೆಂದು ಹಾಡುವವರು ಇದ್ದರು. ಇದನ್ನು ಬರೆದಿಟ್ಟವನು ಅವರನ್ನು ಕೊಲ್ಲಿಸುತ್ತಿದ್ದ ಅಧಿಕಾರಿ. ಅವನಿಗೆ ಕ್ರೈಸ್ತರ ಪರ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ.

ಇನ್ನೂ ಹಿಂದಕ್ಕೆ ಹೋಗಿ. ಮೊದಲ ತಲೆಮಾರಿನ ಕ್ರೈಸ್ತ ಬೋಧಕ ಪೌಲ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಪತ್ರ ಬರೆದಿದ್ದು ಸುಮಾರು 55ರಲ್ಲಿ, ಯೇಸುವನ್ನು ಶಿಲುಬೆಗೆ ಹಾಕಿ ಇಪ್ಪತ್ತು ಚಿಲ್ಲರೆ ವರ್ಷ ಆಗಿತ್ತು ಅಷ್ಟೇ. ಪೌಲ ಅಪ್ಪಟ ಯೆಹೂದ್ಯ. ಇಸ್ರಾಯೇಲೇ ಕೇಳು, ನಮ್ಮ ದೇವರಾದ ಕರ್ತನು ಒಬ್ಬನೇ, ಅನ್ನುವುದು ಯೆಹೂದ್ಯರು ದಿನಕ್ಕೆ ಎರಡು ಸಲ ಹೇಳುವ ಮಾತು. ಆ ಮಾತನ್ನೇ ಎದುರಿಗಿಟ್ಟುಕೊಂಡು ಅವನು ಬರೆಯುತ್ತಾನೆ: ನಮಗೆ ಒಬ್ಬನೇ ದೇವರು, ಆತನು ತಂದೆ, ಒಬ್ಬನೇ ಕರ್ತನು, ಆತನು ಯೇಸು ಕ್ರಿಸ್ತನು, ಎಲ್ಲವೂ ಆತನ ಮೂಲಕ ಆಯಿತು. ಬೈಬಲಿನಲ್ಲಿ 1 ಕೊರಿಂಥ 8:6 ತೆಗೆದು ನೋಡಿ. ದೇವರು ಒಬ್ಬನೇ ಅನ್ನುವ ಮಾತನ್ನು ಅವನು ಬಿಟ್ಟಿಲ್ಲ, ಅದರೊಳಗೇ ಯೇಸುವಿನ ಹೆಸರನ್ನು ಸೇರಿಸಿದ್ದಾನೆ. ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ತ್ರಿತ್ವದ ಬೇರು ಇರುವುದು ಇಲ್ಲೇ. ಈ ಜನ ಒಂದು ಕಡೆ ದೇವರು ಒಬ್ಬನೇ ಅನ್ನುವುದನ್ನು ಬಿಡಲಿಲ್ಲ. ಚಕ್ರವರ್ತಿಯ ಮೂರ್ತಿಗೆ ಒಂದು ಚಿಟಿಕೆ ಧೂಪ ಹಾಕು, ಬಿಟ್ಟುಬಿಡುತ್ತೇವೆ ಅಂದರೂ ಹಾಕದೆ ಸತ್ತರು. ಇನ್ನೊಂದು ಕಡೆ ಯೇಸುವಿಗೆ ಅಡ್ಡಬೀಳುವುದನ್ನೂ ಬಿಡಲಿಲ್ಲ. ಪವಿತ್ರಾತ್ಮ ನಮ್ಮೊಳಗೆ ಇದ್ದಾನೆ, ಬರೀ ಶಕ್ತಿಯಾಗಿ ಅಲ್ಲ, ದೇವರೇ ಆಗಿ ಇದ್ದಾನೆ ಅನ್ನುವ ಅನುಭವವೂ ಅವರಿಗಿತ್ತು. ದೀಕ್ಷಾಸ್ನಾನ ಕೊಡುವಾಗ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನೀರಿಗಿಳಿಸುತ್ತಿದ್ದರು. ಮೊದಲು ಆರಾಧನೆ ಇತ್ತು. ಇದನ್ನು ತಪ್ಪಿಲ್ಲದೆ ಹೇಳುವ ಮಾತು ಸಿಗಲು ಮುನ್ನೂರು ವರ್ಷ ಹಿಡಿಯಿತು. ಯಾರೋ ಪಂಡಿತರು ಕೂತು ಲೆಕ್ಕದ ಒಗಟು ಕಟ್ಟಿ ಜನರ ಮೇಲೆ ಹೇರಿದ್ದಲ್ಲ ಇದು.

ಜಗಳ ದೊಡ್ಡದಾಗಿದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ. ಅಲ್ಲಿ ಅರಿಯಸ್ ಅನ್ನುವ ಪಾದ್ರಿ ಇದ್ದ. ಮಗನು ಇಲ್ಲದಿದ್ದ ಒಂದು ಕಾಲ ಇತ್ತು, ಆತನೂ ಸೃಷ್ಟಿಯೇ, ಎಲ್ಲಕ್ಕಿಂತ ಮೊದಲ, ಎಲ್ಲಕ್ಕಿಂತ ಶ್ರೇಷ್ಠ ಸೃಷ್ಟಿ ಅಂತ ಅವನು ಕಲಿಸಿದ. ಹಡಗಿನವರು, ಬೀಸುವ ಕಲ್ಲಿನವರು ಹಾಡಿಕೊಳ್ಳುವ ಹಾಗೆ ಹಾಡು ಕೂಡ ಕಟ್ಟಿದನಂತೆ. ಅವನನ್ನು ದುಷ್ಟ ಅಂತ ಬಣ್ಣಿಸುವುದು ನನಗೆ ಇಷ್ಟ ಇಲ್ಲ. ಒಬ್ಬನೇ ದೇವರು ಅನ್ನುವುದನ್ನು ಕಾಪಾಡಬೇಕು ಅಂತಲೇ ಅವನು ಹೊರಟಿದ್ದು. ಆದರೆ ಅವನ ಮಾತು ಹಿಡಿದರೆ ಆಗುವುದೇನು? ಯೇಸು ಸೃಷ್ಟಿಯಾಗಿದ್ದರೆ ನಾವು ಪೂಜಿಸುತ್ತಿರುವುದು ಒಂದು ಸೃಷ್ಟಿಯನ್ನು. ಅದಕ್ಕಿಂತ ದೊಡ್ಡ ತೊಂದರೆ, ನಮ್ಮನ್ನು ಹುಡುಕಿಕೊಂಡು ಬಂದವನು ದೇವರಲ್ಲ ಅಂತ ಆಯಿತು, ದೇವರು ತಾನು ಬರದೆ ಇನ್ನೊಬ್ಬನನ್ನು ಕಳಿಸಿಕೊಟ್ಟ ಅಂತ ಆಯಿತು. ಮುಂದೆ ಅದೇ ಊರಿನ ಬಿಷಪ್ ಆದ ಅಥನೇಸಿಯಸ್ ಜೀವನಪೂರ್ತಿ ಹೊಡೆದಾಡಿದ್ದು ಇದೇ ಅಂಶಕ್ಕೆ. ಸೃಷ್ಟಿಯಾದವನು ಇನ್ನೊಂದು ಸೃಷ್ಟಿಯನ್ನು ದೇವರ ಹತ್ತಿರ ಸೇರಿಸಲು ಆಗುವುದಿಲ್ಲ.

325ರಲ್ಲಿ ನೈಸಿಯದಲ್ಲಿ ಸುಮಾರು 300 ಬಿಷಪ್‌ಗಳು ಸೇರಿದರು. ಸಭೆ ಕರೆದದ್ದು ಕಾನ್‌ಸ್ಟಂಟೈನೇ, ಅದು ನಿಜ. ದೇವರಿಂದ ಬಂದ ದೇವರು, ಬೆಳಕಿನಿಂದ ಬಂದ ಬೆಳಕು, ಹುಟ್ಟಿದವನೇ ಹೊರತು ಸೃಷ್ಟಿಯಾದವನಲ್ಲ, ತಂದೆಯ ಸತ್ವವೇ ಮಗನ ಸತ್ವ ಅಂತ ಅಲ್ಲಿ ಬರೆದರು. ಹುಟ್ಟಿದವನು ಅಂದರೆ ಮನುಷ್ಯರ ಹಾಗೆ ಒಂದು ದಿನ ಹುಟ್ಟಿದ ಅಂತಲ್ಲ, ಎಂದೆಂದಿಗೂ ತಂದೆಯಿಂದ ಇರುವವನು ಅಂತ. ಕೊನೆಗೆ ಸಹಿ ಹಾಕದೆ ಅರಿಯಸ್ ಜೊತೆ ಗಡೀಪಾರಾದ ಬಿಷಪ್‌ಗಳು ಇಬ್ಬರೇ. ಒಂದೆರಡು ಓಟಿನಲ್ಲಿ ಗೆದ್ದರು ಅನ್ನುವುದು ಸುಮ್ನೆ ಹಬ್ಬಿಸಿದ ಕಥೆ.

ಆಮೇಲೆ ನಡೆದದ್ದನ್ನು ಯಾರೂ ಹೇಳುವುದಿಲ್ಲ. ಕಾನ್‌ಸ್ಟಂಟೈನ್ ಕೆಲವೇ ವರ್ಷಗಳಲ್ಲಿ ಮನಸ್ಸು ಬದಲಿಸಿ ಅರಿಯಸ್‌ನನ್ನು ವಾಪಸ್ ಕರೆಸಿಕೊಂಡ. ಅಲೆಕ್ಸಾಂಡ್ರಿಯದ ಬಿಷಪ್ ಆಗಿದ್ದ ಅಥನೇಸಿಯಸ್‌ನನ್ನೇ ಗಡೀಪಾರು ಮಾಡಿದ. 337ರಲ್ಲಿ ಸಾಯುವ ಮುಂಚೆ ಕಾನ್‌ಸ್ಟಂಟೈನ್‌ಗೆ ದೀಕ್ಷಾಸ್ನಾನ ಕೊಟ್ಟದ್ದು ಅರಿಯಸ್‌ನ ಕಡೆಯ ಬಿಷಪ್, ನಿಕೋಮಿಡಿಯದ ಯುಸೇಬಿಯಸ್. ಕಾನ್‌ಸ್ಟಂಟೈನ್‌ನ ಮಗ ಕಾನ್‌ಸ್ಟಾಂಟಿಯಸ್ ಅಂತೂ ಬಹಿರಂಗವಾಗಿ ನೈಸಿಯದ ಮಾತಿಗೆ ವಿರುದ್ಧವಾಗಿದ್ದ. ಅಥನೇಸಿಯಸ್ ಒಟ್ಟು ಐದು ಸಲ ಊರು ಬಿಡಬೇಕಾಯಿತು, ಹದಿನೇಳು ವರ್ಷದಷ್ಟು ಕಾಲ ಊರಾಚೆಯೇ ಕಳೆಯಿತು. ಚಕ್ರವರ್ತಿಗಳ ಇಷ್ಟದಂತೆ ನಡೆದಿದ್ದರೆ ಗೆಲ್ಲಬೇಕಾದವನು ಅರಿಯಸ್. ಇನ್ನೊಂದು ವಿಷಯ: 325ರ ಬರಹದಲ್ಲಿ ಪವಿತ್ರಾತ್ಮನ ಬಗ್ಗೆ ಇರುವುದು ಪವಿತ್ರಾತ್ಮನನ್ನೂ ನಂಬುತ್ತೇವೆ ಅನ್ನುವ ಒಂದೇ ಮಾತು. ತಂದೆ ಮಗನ ಜೊತೆ ಆರಾಧನೆ ಪಡೆಯುವವನು, ಜೀವ ಕೊಡುವವನು ಅನ್ನುವ ಭಾಗ ಬಂದದ್ದು 381ರಲ್ಲಿ, ಕಾನ್‌ಸ್ಟಾಂಟಿನೋಪಲ್ ಸಭೆಯಲ್ಲಿ. ಅಷ್ಟು ಹೊತ್ತಿಗೆ ಕಾನ್‌ಸ್ಟಂಟೈನ್ ಸತ್ತು ನಲವತ್ತು ವರ್ಷ ದಾಟಿತ್ತು.

ಆಗ ಆ ಊರು ಹೇಗಿತ್ತು ಅಂತ ಅದೇ ಕಾಲದ ಬಿಷಪ್, ನಿಸ್ಸ ಪಟ್ಟಣದ ಗ್ರೆಗೊರಿ ಹೇಳಿದ್ದಾನೆ. ಚಿಲ್ಲರೆ ಕೊಡು ಅಂದರೆ ಅಂಗಡಿಯವನು ಹುಟ್ಟಿದವನು, ಹುಟ್ಟದವನು ಅಂತ ತತ್ವ ಹೇಳುತ್ತಾನೆ. ರೊಟ್ಟಿಗೆ ಎಷ್ಟಪ್ಪಾ ಅಂದರೆ ತಂದೆ ದೊಡ್ಡವನು, ಮಗ ಅವನ ಕೆಳಗೆ ಅನ್ನುತ್ತಾನೆ. ಸ್ನಾನಕ್ಕೆ ನೀರು ಆಯಿತಾ ಅಂದರೆ ಮಗನು ಶೂನ್ಯದಿಂದ ಆದವನು ಅಂತ ಉತ್ತರ ಬರುತ್ತದೆ. ಅವನಿಗೆ ಬೇಸರ ಆಗಿದ್ದು ಸಹಜ. ನನಗೆ ಮಾತ್ರ ಇದನ್ನು ಓದಿದರೆ ಒಂದು ಥರ ಖುಷಿ ಆಗುತ್ತದೆ. ಬೀದಿಯ ಜನಕ್ಕೂ ಇದು ತಮ್ಮ ವಿಷಯವೇ ಆಗಿತ್ತು.

ಹಾಗಂತ ಅಧಿಕಾರದ ಕೈ ಇದರಲ್ಲಿ ಇರಲೇ ಇಲ್ಲ ಅನ್ನುವುದೂ ತಪ್ಪು. 380ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್ ಈ ನಂಬಿಕೆಯನ್ನು ಕಾನೂನು ಮಾಡಿದ, ಒಪ್ಪದವರ ಚರ್ಚುಗಳನ್ನು ಕಿತ್ತುಕೊಂಡ. 1553ರಲ್ಲಿ ತ್ರಿತ್ವವನ್ನು ಅಲ್ಲಗಳೆದ ಮೈಕೆಲ್ ಸರ್ವೀಟಸ್‌ನನ್ನು ಜಿನೀವಾದಲ್ಲಿ ಸುಟ್ಟು ಕೊಂದರು, ಅದೂ ಪ್ರಾಟೆಸ್ಟೆಂಟರು, ನನ್ನ ಕಡೆಯವರೇ. ಪ್ರೀತಿಯ ದೇವರ ಹೆಸರಲ್ಲಿ ಹೀಗೆ ಮಾಡಿದ್ದನ್ನು ನೆನೆದರೆ ನಾಚಿಕೆ, ನೋವು ಎರಡೂ ಆಗುತ್ತದೆ. ಪಾಠ ಮಾಡುವಾಗ ಇದನ್ನೂ ಹೇಳಿಯೇ ಹೇಳುತ್ತೇನೆ.

ಈಗ ಮೂರು ದೇವರಾ ಅನ್ನುವ ಪ್ರಶ್ನೆ. ನಿಮ್ಮ ಪ್ರಶ್ನೆಯನ್ನೇ ಅಬ್ಲೇಬಿಯಸ್ ಅನ್ನುವವನು ಇದೇ ಗ್ರೆಗೊರಿಗೆ ಕೇಳಿದ್ದ. ಪೇತ್ರ, ಯಾಕೋಬ, ಯೋಹಾನ ಮೂವರೂ ಮನುಷ್ಯರು, ಅವರನ್ನು ಮೂರು ಮನುಷ್ಯರು ಅನ್ನುತ್ತೇವೆ, ಹಾಗಾದರೆ ಇವರನ್ನು ಮೂರು ದೇವರು ಅಂತ ಯಾಕೆ ಅನ್ನಬಾರದು? ಗ್ರೆಗೊರಿಯ ಉತ್ತರದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದು. ಮೂವರು ರೈತರಿದ್ದರೆ ಒಬ್ಬೊಬ್ಬನೂ ತನ್ನ ಹೊಲ ತಾನು ಉಳುತ್ತಾನೆ, ಕೆಲಸ ಬೇರೆ ಬೇರೆ. ದೇವರಲ್ಲಿ ಹಾಗಲ್ಲ. ದೇವರು ಮಾಡುವುದೆಲ್ಲ ತಂದೆಯಿಂದ ಹೊರಟು, ಮಗನ ಮೂಲಕ ಬಂದು, ಪವಿತ್ರಾತ್ಮನಲ್ಲಿ ಪೂರ್ತಿಯಾಗುತ್ತದೆ. ನಮಗೆ ಜೀವ ಕೊಟ್ಟಾಗ ಒಬ್ಬೊಬ್ಬರಿಂದ ಒಂದೊಂದರಂತೆ ಮೂರು ಜೀವ ಬರಲಿಲ್ಲ, ಒಂದೇ ಜೀವ ಬಂತು. ಚಿತ್ತ ಒಂದು, ಕೆಲಸ ಒಂದು, ಇರುವಿಕೆ ಒಂದು. ವ್ಯತ್ಯಾಸ ಇರುವುದು ಸಂಬಂಧದಲ್ಲಿ ಮಾತ್ರ: ತಂದೆ ತಂದೆಯೇ, ಮಗ ತಂದೆಯಿಂದ ಹುಟ್ಟಿದವನು, ಆತ್ಮ ಹೊರಟು ಬರುವವನು. ಒಂದು ಕೂಡಿಸು ಒಂದು ಕೂಡಿಸು ಒಂದು ಅಂತ ಲೆಕ್ಕ ಹಾಕುವವರು ದೇವರನ್ನು ಮೂರು ತುಂಡು ಅಂದುಕೊಂಡಿರುತ್ತಾರೆ, ಎಡವುವುದು ಅಲ್ಲೇ.

ತ್ರಿಮೂರ್ತಿಗಳ ಹಾಗಲ್ಲ ಅನ್ನುವುದಕ್ಕೂ ಇದೇ ಕಾರಣ. ಬ್ರಹ್ಮ ಸೃಷ್ಟಿಗೆ, ವಿಷ್ಣು ಪಾಲನೆಗೆ, ಶಿವ ಲಯಕ್ಕೆ ಅನ್ನುವುದು ಕೆಲಸಕ್ಕೆ ತಕ್ಕಂತೆ ಮೂವರನ್ನು ಹೇಳುವ ಕ್ರಮ. ಅದಕ್ಕೆ ಅದರದೇ ಅರ್ಥ ಇದೆ, ವೈಷ್ಣವರು, ಶೈವರು, ಅದ್ವೈತಿಗಳು ಅದನ್ನು ಬೇರೆ ಬೇರೆ ರೀತಿ ವಿವರಿಸುತ್ತಾರೆ. ಕೀಳು ಮೇಲು ಮಾಡುವುದು ನನ್ನ ಉದ್ದೇಶ ಅಲ್ಲ. ಆದರೆ ತ್ರಿತ್ವದಲ್ಲಿ ಆ ಥರ ಖಾತೆ ಹಂಚಿಕೆ ಇಲ್ಲ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಸೃಷ್ಟಿಸುತ್ತಾನೆ, ದೇವರ ಆತ್ಮ ನೀರಿನ ಮೇಲೆ ಚಲಿಸುತ್ತಿರುತ್ತದೆ. ಯೇಸುವಿನ ಜೀವನ ಹೇಳುವ ಬೈಬಲಿನ ಪುಸ್ತಕಗಳಲ್ಲಿ ಒಂದಾದ ಯೋಹಾನನ ಸುವಾರ್ತೆ, ಎಲ್ಲವೂ ವಾಕ್ಯದ ಮೂಲಕವೇ ಆಯಿತು ಅನ್ನುತ್ತದೆ, ಆ ವಾಕ್ಯವೇ ಯೇಸು. ಸೃಷ್ಟಿಯಲ್ಲೂ ಮೂವರು, ರಕ್ಷಣೆಯಲ್ಲೂ ಮೂವರು.

ನಿಮಗೆ ಯಾರಾದರೂ ನೀರು, ಮಂಜುಗಡ್ಡೆ, ಆವಿ ಉದಾಹರಣೆ ಕೊಟ್ಟಿರಬಹುದು. ನಮ್ಮ ಚರ್ಚುಗಳಲ್ಲೂ ಇದು ಜಾಸ್ತಿ ಕೇಳಿಸುತ್ತದೆ. ದಯವಿಟ್ಟು ಅದನ್ನು ಬಿಟ್ಟುಬಿಡಿ. ಅದು ಮೂರನೇ ಶತಮಾನದ ಸಬೆಲಿಯಸ್‌ನ ಮಾತಿನ ಹತ್ತಿರಕ್ಕೆ ಹೋಗುತ್ತದೆ, ಒಬ್ಬನೇ ದೇವರು ಆಗಾಗ ವೇಷ ಬದಲಿಸುತ್ತಾನೆ ಅನ್ನುವುದು. ಸುವಾರ್ತೆಯಲ್ಲಿ ಹಾಗಿಲ್ಲ. ಯೊರ್ದನ್ ಹೊಳೆಯಲ್ಲಿ ಯೇಸು ಒದ್ದೆ ಮೈಯಲ್ಲಿ ನಿಂತಿದ್ದಾನೆ, ಆತ್ಮ ಪಾರಿವಾಳದ ಹಾಗೆ ಇಳಿಯುತ್ತಿದ್ದಾನೆ, ಈತನು ಪ್ರಿಯನಾಗಿರುವ ನನ್ನ ಮಗನು ಅಂತ ಆಕಾಶದಿಂದ ದನಿ ಬರುತ್ತದೆ. ಮೂವರೂ ಒಂದೇ ಹೊತ್ತಿನಲ್ಲಿ. ಗೆತ್ಸೇಮನೆ ತೋಟದಲ್ಲಿ ಯೇಸು ಬೆವರಿ, ನೆಲಕ್ಕೆ ಬಿದ್ದು, ಅಬ್ಬಾ (ಅವರ ಭಾಷೆಯಲ್ಲಿ ಅಪ್ಪಾ), ತಂದೆಯೇ ಅಂತ ಬೇಡಿಕೊಳ್ಳುತ್ತಾನೆ. ತಂದೆ ಮಗ ಇಬ್ಬರೂ ಒಬ್ಬನೇ ವ್ಯಕ್ತಿಯ ಎರಡು ವೇಷ ಆಗಿದ್ದರೆ ಆ ಪ್ರಾರ್ಥನೆ ಬರೀ ನಾಟಕ ಆಗುತ್ತಿತ್ತು. ನಾನು ಆ ಮಾತನ್ನು ಒಪ್ಪಲಾರೆ.

ತಂದೆಯು ನನಗಿಂತ ದೊಡ್ಡವನು ಅಂತ ಯೇಸುವೇ ಹೇಳಿಲ್ವಾ ಅಂತ ಕೆಲವರು ಕೇಳುತ್ತಾರೆ. ಹೇಳಿದ್ದಾನೆ, ಯೋಹಾನ 14:28. ಮನುಷ್ಯನಾಗಿ ತಗ್ಗಿ ಬಂದವನು, ಶಿಲುಬೆಯ ಹಿಂದಿನ ರಾತ್ರಿ ಆಡಿದ ಮಾತು ಅದು. ಅದೇ ಸುವಾರ್ತೆಯಲ್ಲಿ ಶಿಷ್ಯನಾದ ತೋಮನು ಆತನ ಗಾಯ ಕಂಡು ನನ್ನ ಕರ್ತನೇ, ನನ್ನ ದೇವರೇ ಅಂದಾಗ ಯೇಸು ತಡೆಯುವುದಿಲ್ಲ. ಎರಡನ್ನೂ ಒಟ್ಟಿಗೆ ಓದಬೇಕು. ಹಾಗೇ, 1 ಯೋಹಾನ 5:7ನ್ನು ತ್ರಿತ್ವಕ್ಕೆ ಸಾಕ್ಷಿ ಅಂತ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಪರಲೋಕದಲ್ಲಿ ಸಾಕ್ಷಿ ಹೇಳುವವರು ಮೂವರು ಅನ್ನುವ ಸಾಲು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ. ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ ವಿದ್ವಾಂಸ ಎರಾಸ್ಮಸ್ 1516ರ, 1519ರ ಮುದ್ರಣಗಳಲ್ಲಿ ಅದನ್ನು ಬಿಟ್ಟಿದ್ದ, ಒತ್ತಡ ಬಂದ ಮೇಲೆ 1522ರಲ್ಲಿ ಸೇರಿಸಿದ. ಆ ಸಾಲು ಇಲ್ಲದಿದ್ದರೂ ನಮಗೆ ನಷ್ಟವೇನಿಲ್ಲ.

ಇಷ್ಟೆಲ್ಲ ಯಾಕೆ ಬೇಕು, ದೇವರು ಒಬ್ಬ ಅಂದರೆ ಸಾಲದಾ? ನನಗೆ ಸಾಲದು. ದೇವರು ಪ್ರೀತಿಸ್ವರೂಪಿ ಅಂತ ಬೈಬಲ್ ಹೇಳುತ್ತದೆ. ಜಗತ್ತು ಹುಟ್ಟುವ ಮುಂಚೆ, ಸೂರ್ಯ ಇಲ್ಲ, ಮನುಷ್ಯ ಇಲ್ಲ, ದೇವದೂತರೂ ಇಲ್ಲ, ಆಗ ಆತ ಪ್ರೀತಿಸುತ್ತಿದ್ದದ್ದು ಯಾರನ್ನು? ಒಂಟಿ ದೇವರಾಗಿದ್ದರೆ ಪ್ರೀತಿಸಲು ಆತನಿಗೆ ನಾವು ಬೇಕಾಗುತ್ತಿತ್ತು, ತನ್ನ ಕೊರತೆ ತುಂಬಿಕೊಳ್ಳಲು ನಮ್ಮನ್ನು ಮಾಡಿದ ಅಂತ ಆಗುತ್ತಿತ್ತು. ತಂದೆ ಮಗನನ್ನು ಪವಿತ್ರಾತ್ಮನಲ್ಲಿ ಎಂದೆಂದಿಗೂ ಪ್ರೀತಿಸುತ್ತಿದ್ದಾನೆ ಅಂದರೆ ಪ್ರೀತಿ ಆತನ ಸ್ವಭಾವವೇ, ಆಮೇಲೆ ಶುರುವಾದ ಅಭ್ಯಾಸ ಅಲ್ಲ. ನಮ್ಮನ್ನು ಸೃಷ್ಟಿಸಿದ್ದು ಆ ಪ್ರೀತಿಯಲ್ಲಿ ಪಾಲು ಕೊಡಲು. ಇದನ್ನು ನಾನು ಪೂರ್ತಿ ಅರ್ಥ ಮಾಡಿಕೊಂಡಿದ್ದೇನೆ ಅನ್ನುವುದಿಲ್ಲ, ಯಾರಿಗೂ ಆಗುವುದಿಲ್ಲ. ಆದರೆ ಇದು ರಹಸ್ಯ, ಪ್ರಶ್ನೆ ಕೇಳಬೇಡ ಅಂತ ಬಾಯಿ ಮುಚ್ಚಿಸುವುದನ್ನು ನಾನು ಒಪ್ಪುವುದಿಲ್ಲ. ಎಷ್ಟು ಕೇಳಿದರೂ ಮುಗಿಯದಷ್ಟು ಆಳ ಇದೆ ಅನ್ನುವುದೇ ಇಲ್ಲಿ ರಹಸ್ಯ.

ಯೆಹೋವನ ಸಾಕ್ಷಿಗಳು, ಒನ್‌ನೆಸ್ ಪೆಂಟೆಕೋಸ್ಟಲರು ತ್ರಿತ್ವವನ್ನು ಒಪ್ಪುವುದಿಲ್ಲ, ಇದೂ ನಿಮಗೆ ಗೊತ್ತಿರಲಿ. ಕ್ಯಾಥೊಲಿಕರು, ಆರ್ಥೊಡಾಕ್ಸ್‌ನವರು, ನಮ್ಮಂಥ ಪ್ರಾಟೆಸ್ಟೆಂಟರು ಒಪ್ಪುತ್ತೇವೆ. ನೀವೇ ಓದಿ ನೋಡಬೇಕು ಅಂದರೆ ಯೋಹಾನ 14ರಿಂದ 17ನೇ ಅಧ್ಯಾಯದವರೆಗೆ ಒಂದೇ ಸಲ ಓದಿ, ಅರ್ಧ ಗಂಟೆಯೂ ಬೇಡ. ಯಾರು ಯಾರನ್ನು ಕಳಿಸುತ್ತಾರೆ, ಯಾರು ಯಾರ ಹತ್ತಿರ ಮಾತಾಡುತ್ತಾರೆ ಅಂತ ಗಮನಿಸುತ್ತಾ ಹೋಗಿ. 17:24ರಲ್ಲಿ ಮಗನು ತಂದೆಗೆ ಹೇಳುವ ಮಾತನ್ನು ಎರಡು ಸಲ ಓದಿ: ಜಗತ್ತು ಉಂಟಾಗುವುದಕ್ಕಿಂತ ಮುಂಚೆಯೇ ನೀನು ನನ್ನನ್ನು ಪ್ರೀತಿಸಿದೆ.