ಅರ್ಥ ಆಗಲಿಲ್ಲವಾ, ಅರ್ಥ ಆಗಿದ್ದಕ್ಕೇ ಹಿಂಗಾ?

ಹರಿಹರದಿಂದ ನಿವೃತ್ತ ಮೇಷ್ಟ್ರೊಬ್ಬರು ಉದ್ದನೇ ಪತ್ರ ಬರ್ದಿದಾರೆ. ಪೂರ್ತಿ ಹಾಕೋಕೆ ಜಾಗ ಇಲ್ಲ, ಸಾರ ಇಷ್ಟು: ಬಸವ ಜಯಂತಿ ಮೆರವಣಿಗೆಲಿ ಡಿಜೆ ಸೌಂಡಿಗೆ ಅವರ ಮನೆ ಕಿಟಕಿ ಗಾಜು ಅದುರಿದ್ವಂತೆ, ಟ್ರ್ಯಾಕ್ಟರ್ ಮೇಲೆ ಬಸವಣ್ಣನ ಫೋಟೋ, ಅದರ ಸುತ್ತ ಲೀಡರ್‌ಗಳ ಫ್ಲೆಕ್ಸು, ಫೋಟೋಗಿಂತ ಫ್ಲೆಕ್ಸೇ ದೊಡ್ಡದು. ಅದನ್ನ ನೋಡಿ ಅವರಿಗೆ ಅನ್ನಿಸಿದ್ದು, ಬಸವಣ್ಣ ಇರಲಿ ಬುದ್ಧ ಇರಲಿ ಏಸು ಇರಲಿ, ಅವರು ಹೇಳಿದ್ದೇ ಒಂದು, ಹಿಂದೆ ಬಂದೋರು ಅರ್ಥ ಮಾಡ್ಕೊಂಡಿದ್ದೇ ಇನ್ನೊಂದು ಅಂತ. "ಮಹಾತ್ಮರು ತಪ್ಪು ಜನರ ಮಧ್ಯೆ ಹುಟ್ಟಿದರು ಅಲ್ಲವೇ ಸಂಪಾದಕರೇ?" ಅಂತ ಕೇಳಿದಾರೆ. ಜೊತೆಗೆ ನಮ್ಮ ಪತ್ರಿಕೆಗೆ ಒಂದು ಸಲಹೆನೂ ಕೊಟ್ಟಿದಾರೆ, ಅದಕ್ಕೆ ಆಮೇಲೆ ಬರ್ತೀನಿ.

ಮೇಷ್ಟ್ರೇ ನಮಸ್ಕಾರ. ಡಿಜೆ ವಿಷಯದಲ್ಲಿ ನಿಮ್ಮ ಕಡೆನೇ ನಾನು. ಆದ್ರೆ ಜನಕ್ಕೆ ಅರ್ಥ ಆಗಲಿಲ್ಲ ಅನ್ನೋ ಮಾತು ಮಾತ್ರ ನಂಗೆ ಒಪ್ಪೋಕಾಗ್ತಿಲ್ಲ, ಯಾಕಂದ್ರೆ ಅದು ಬೈಗುಳದ ಥರ ಕಂಡ್ರೂ ನೀವು ಅವರಿಗೆ ಕೊಡ್ತಿರೋ ರಿಯಾಯಿತಿ. ಅರ್ಥ ಆಗದೇ ಇರೋನ ತಪ್ಪೇನೈತೆ ಪಾಪ? "ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ" ಇದರಲ್ಲಿ ತಿಳಿಯದೇ ಇರೋದು ಯಾವುದು ಹೇಳಿ. ನೀವು ಮೂವತ್ತು ಮಕ್ಕಳ ಮುಂದೆ ಇದನ್ನ ಓದಿದ್ರೆ ಮೂವತ್ತಕ್ಕೂ ತಿಳಿಯುತ್ತೆ. ಅಲ್ಲಮನ ಬೆಡಗಿನ ವಚನಗಳು, ಅಂದ್ರೆ ಒಗಟಿನ ಥರ ಇರೋವು, ತಿಳಿಯಲ್ಲ, ಒಪ್ಪಿದೆ, ದೊಡ್ಡ ದೊಡ್ಡ ಪಂಡಿತರೂ ಅಲ್ಲಿ ತಲೆ ಕೆರ್ಕೊಂಡಿದಾರೆ, ಆದ್ರೆ ಬೆಡಗಿನ ವಚನ ತಿಳಿಯದೇ ಯಾವ ಸಮಾಜನೂ ಕೆಟ್ಟಿಲ್ಲ. ತಾಪತ್ರಯ ಎಲ್ಲಾ ತಿಳಿಯೋ ವಚನಗಳಿಂದಾನೇ.

ನಮ್ಮ ಪಕ್ಕದಲ್ಲೇ ಒಂದು ಸಾಕ್ಷಿ ಐತೆ ನೋಡ್ರಿ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆ ಅಶೋಕನ ಶಾಸನ ಐತಲ್ಲ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದ್ದು. ಶಾಲೆಲಿ ನಾವು ಅದನ್ನ ಒಂದು ಮಾರ್ಕಿನ ಪ್ರಶ್ನೆ ಮಾಡಿ ಮುಗಿಸಿದ್ವಿ, ಒಳಗೆ ಏನು ಬರ್ದೈತೆ ಅಂತ ಬಹಳ ಜನ ಓದಲ್ಲ. ಅದರಲ್ಲಿ ಆ ಮಹಾರಾಜ ಹೇಳ್ಕೊಳ್ಳೋದು, ನಾನು ಉಪಾಸಕ (ಮನೇಲಿದ್ದೇ ಬುದ್ಧನ್ನ ನಂಬೋನು) ಆಗಿ ಎರಡೂವರೆ ವರ್ಷದ ಮೇಲಾಯ್ತು, ಆದ್ರೆ ಒಂದು ವರ್ಷ ಅಂಥಾ ಪ್ರಯತ್ನ ಏನೂ ಪಡಲಿಲ್ಲ, ಸಂಘದ, ಅಂದ್ರೆ ಭಿಕ್ಷುಗಳ ಗುಂಪಿನ, ಹತ್ತಿರ ಹೋದ ಮೇಲೆ ಒಂದು ವರ್ಷದಿಂದ ಚೆನ್ನಾಗಿ ಪ್ರಯತ್ನ ಪಡ್ತಿದೀನಿ ಅಂತ. ಅಷ್ಟು ದೊಡ್ಡ ಸಾಮ್ರಾಜ್ಯದ ದೊರೆ ಕಲ್ಲಿನ ಮೇಲೆ ಕೆತ್ತಿಸಿದ್ದು ಇದು. ಬುದ್ಧ ಹೇಳಿದ್ದು ನಂಗೆ ಗೊತ್ತಾಗ್ಲಿಲ್ಲ ಅಂತ ಅವನು ಹೇಳ್ಲಿಲ್ಲ, ಕೈ ಹಾಕಲಿಲ್ಲ ಅಂತ ಹೇಳಿದ. ಅನುಯಾಯಿಗಳಲ್ಲಿ ಇಷ್ಟು ಸೀದಾ ಮಾತಾಡಿದೋರು ನಂಗೆ ಇನ್ನೊಬ್ಬರು ಸಿಕ್ಕಿಲ್ಲ.

ಅದೇ ಶಾಸನದಲ್ಲಿ ಮುಂದಕ್ಕೆ ತಂದೆ ತಾಯಿ ಮಾತು ಕೇಳಿ, ಗುರುಗಳಿಗೆ ಗೌರವ ಕೊಡಿ, ಪ್ರಾಣಿಗಳ ಮೇಲೆ ದಯೆ ಇರಲಿ, ನಿಜ ಹೇಳಿ ಅಂತ ಬರುತ್ತೆ. ಪ್ರಯತ್ನಪಟ್ರೆ ದೊಡ್ಡೋರಷ್ಟೇ ಅಲ್ಲ ಸಣ್ಣೋರಿಗೂ ಸ್ವರ್ಗ ಸಿಗುತ್ತೆ ಅಂತಾನೂ ಐತೆ. ಬುದ್ಧನ ಬೋಧನೆಯ ತಿರುಳಾದ ನಾಲ್ಕು ಆರ್ಯಸತ್ಯ ಇಲ್ಲ, ನಿರ್ವಾಣ ಇಲ್ಲ, ಅವನ ಬೇರೆ ಶಾಸನಗಳಲ್ಲೂ ಇಲ್ಲ. ಅಪ್ಪನ ಮಾತು ಮೀರಿ, ಹೆಂಡತಿ ಮಗು ಬಿಟ್ಟು ರಾತ್ರೋರಾತ್ರಿ ಮನೆಯಿಂದ ಎದ್ದು ಹೋದೋನ ಹೆಸರಲ್ಲಿ "ತಂದೆ ತಾಯಿ ಮಾತು ಕೇಳಿ" ಅಂತ ಸರ್ಕಾರಿ ಆರ್ಡರ್! ಇದನ್ನ ನೋಡಿ ನೀವು ಅಶೋಕನಿಗೂ ಬುದ್ಧ ಅರ್ಥ ಆಗಿರ್ಲಿಲ್ಲ ಅನ್ನಬಹುದು. ಆದ್ರೆ ರಾಜಸ್ಥಾನದ ಬೈರಾಟಿನಲ್ಲಿ ಸಿಕ್ಕ ಶಾಸನದಲ್ಲಿ ಅವನೇ ಭಿಕ್ಷುಗಳಿಗೆ, ನೀವೆಲ್ಲಾ ಈ ಏಳು ಪಾಠಗಳನ್ನ ಮತ್ತೆ ಮತ್ತೆ ಕೇಳಬೇಕು ಅಂತ ಹೆಸರು ಹಿಡಿದು ಪಟ್ಟಿ ಕೊಡ್ತಾನೆ. ಅಂದ್ರೆ ಗೊತ್ತಿತ್ತು, ಚೆನ್ನಾಗೇ ಗೊತ್ತಿತ್ತು. ಜನಕ್ಕೆ ಯಾವುದು ದಕ್ಕುತ್ತೆ, ರಾಜ್ಯಕ್ಕೆ ಯಾವುದು ಅನುಕೂಲ ಅಂತ ಆರಿಸಿದ. ಅವನನ್ನ ನಾನು ಪೂರ್ತಿ ಬೈಯೋಕೂ ತಯಾರಿಲ್ಲ, ಇಡೀ ಊರಿಗೂರೇ ಕಾವಿ ಹಾಕ್ಕೊಂಡು ಹೊರಟ್ರೆ ಹೊಲ ಉಳೋರು ಯಾರು.

ಬುದ್ಧನ ಭಿಕ್ಷುಗಳ ಕಥೆ ಇನ್ನೂ ಮಜಾ. ಭಿಕ್ಷುಗಳು ಬೆಳ್ಳಿ ಬಂಗಾರ ಮುಟ್ಟೋ ಹಂಗಿಲ್ಲ ಅಂತ ನಿಯಮ, ಇದರಲ್ಲಿ ಎರಡರ್ಥ ಏನೂ ಇಲ್ಲ. ಬುದ್ಧ ತೀರ್ಕೊಂಡು ಸುಮಾರು ನೂರು ವರ್ಷಕ್ಕೆ ವೈಶಾಲಿಯ ಭಿಕ್ಷುಗಳು ಒಂದು ಕಂಚಿನ ಪಾತ್ರೆಗೆ ನೀರು ತುಂಬಿ ಮಧ್ಯ ಇಟ್ಟು, ಬಂದ ಭಕ್ತರಿಗೆ "ಸಂಘಕ್ಕೆ ನಾಣ್ಯ ಹಾಕ್ರಪ್ಪ, ಖರ್ಚಿರುತ್ತೆ" ಅಂತಿದ್ರಂತೆ. ಯಶ ಅನ್ನೋ ಭಿಕ್ಷು ಊರಿಗೆ ಬಂದೋನು ಇದನ್ನ ನೋಡಿ ತಕರಾರು ತೆಗೆದ. ಅವರೇನ್ ಮಾಡಿದ್ರು ಗೊತ್ತಾ? ರಾತ್ರಿ ದುಡ್ಡು ಹಂಚ್ಕೊಳ್ಳುವಾಗ ಅವನಿಗೂ ಒಂದು ಪಾಲು ತಂದು ಕೊಟ್ರು. ನಿಯಮ ಗೊತ್ತಿಲ್ಲದೋನು ಪಾಲು ತರ್ತಾನಾ ಮೇಷ್ಟ್ರೇ, ಗೊತ್ತಿದ್ದೋನೇ ತರೋದು. ಅವನು ಮುಟ್ಟಲಿಲ್ಲ, ಗಲಾಟೆ ಬೆಳೀತು, ಕೊನೆಗೆ ಏಳುನೂರು ಭಿಕ್ಷುಗಳ ಸಭೆ ಸೇರಿ ಅದು ತಪ್ಪು ಅಂತ ತೀರ್ಮಾನ ಮಾಡ್ತು. ಭಿಕ್ಷುಗಳ ನಿಯಮಗಳ ಗ್ರಂಥ ವಿನಯಪಿಟಕದಲ್ಲಿ ಇದೆಲ್ಲಾ ಐತೆ.

ಏಸುವಿನ ಕಡೆಯಿಂದ ಒಂದು ಹೇಳ್ತೀನಿ, ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ಇಲ್ಲ. ಇಟಲಿಯ ಅಸಿಸಿಯ ಫ್ರಾನ್ಸಿಸ್, ಬಟ್ಟೆ ವ್ಯಾಪಾರಿ ಮಗ, ಎಲ್ಲಾ ಬಿಟ್ಟು ಏಸು ಹೇಳಿದ ಹಂಗೇ ಬರಿಗೈಲಿ ಬದುಕ್ತೀನಿ ಅಂತ ಹೊರಟೋನು. ಈ ಮನುಷ್ಯನಿಗೆ ತನ್ನ ಹಿಂದೆ ಬರೋರ ಬಗ್ಗೆ ಮೊದಲೇ ಅನುಮಾನ ಇತ್ತು ಅನ್ಸುತ್ತೆ. 1226ರಲ್ಲಿ ಸಾಯೋಕೆ ಮುಂಚೆ ಬರೆಸಿದ ಉಯಿಲಿನಲ್ಲಿ, ನನ್ನ ನಿಯಮಕ್ಕೆ ಟೀಕೆ-ಟಿಪ್ಪಣಿ ಬರೀಬೇಡಿ, ಇದರ ಅರ್ಥ ಹಿಂಗಲ್ಲ ಹಂಗೆ ಅಂತ ಹೇಳಬೇಡಿ, ಪೋಪ್ ಕಚೇರಿಗೆ ಹೋಗಿ ಸವಲತ್ತಿನ ಪತ್ರ ಕೇಳಬೇಡಿ ಅಂತ ಸ್ಪಷ್ಟವಾಗಿ ಬರೆಸಿದ. ಎರಡು ವರ್ಷಕ್ಕೆ, 1228ರಲ್ಲಿ, ಪೋಪ್ ಒಂಬತ್ತನೇ ಗ್ರೆಗರಿ ಅವನನ್ನ ಸಂತ ಅಂತ ಘೋಷಣೆ ಮಾಡಿ ಮಾರನೇ ದಿನವೇ ಅವನ ಹೆಸರಲ್ಲಿ ಭಾರೀ ಚರ್ಚಿಗೆ ಅಡಿಗಲ್ಲು ಹಾಕಿದ. ಇನ್ನೆರಡು ವರ್ಷಕ್ಕೆ, 1230ರಲ್ಲಿ, ಶಿಷ್ಯರೇ ಪೋಪ್ ಹತ್ತಿರ ಹೋಗಿ ಈ ಉಯಿಲನ್ನ ನಾವು ಪಾಲಿಸಲೇಬೇಕಾ ಅಂತ ಕೇಳಿದ್ರು, ಪೋಪ್ ನಂಗೆ ಫ್ರಾನ್ಸಿಸನ ಒಡನಾಟ ಬಹಳ ಇತ್ತು, ಅವನ ಮನಸ್ಸು ನಂಗೆ ಗೊತ್ತು ಅಂದು, ಪಾಲಿಸಬೇಕಿಲ್ಲ ಅಂತ ತೀರ್ಪು ಕೊಟ್ಟ. ದುಡ್ಡು ನೀವು ಮುಟ್ಟಬೇಡಿ, ನಿಮ್ಮ ಪರವಾಗಿ ಇನ್ನೊಬ್ಬ ಇಟ್ಕೊಳ್ಳಲಿ ಅಂತ ದಾರಿನೂ ತೋರಿಸಿದ. ಆಮೇಲೆ ನಮಗೆ ಆ ಹಳೇ ಬಡತನನೇ ಬೇಕು ಅಂತ ಹಟ ಹಿಡಿದೋರಲ್ಲಿ ನಾಲ್ಕು ಜನರನ್ನ 1318ರಲ್ಲಿ ಮಾರ್ಸೇಲಲ್ಲಿ ಜೀವಂತ ಸುಟ್ರು. ಫ್ರಾನ್ಸಿಸ್ ಹೇಳಿದ್ದು ತಿಳೀದೇ ಇದ್ದಿದ್ರೆ ಅವನ ಉಯಿಲನ್ನ ರದ್ದು ಮಾಡಿಸೋ ಅವಶ್ಯಕತೆ ಏನಿತ್ತು? ತಿಳಿದಿತ್ತು, ಅದಕ್ಕೇ ರದ್ದು ಮಾಡಿಸಬೇಕಾಯ್ತು.

ಈಗ ಮನೆಗೆ ಬರೋಣ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆಗಿ, ಅಪ್ಪಂದಿರಿಬ್ಬರಿಗೂ ಎಳೆಹೂಟೆ (ಆನೆ ಕಾಲಿಗೆ ಕಟ್ಟಿ ಎಳೆಸೋ) ಶಿಕ್ಷೆ ಕೊಡಿಸಿದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರೋದೇ. ಆ ಶಿಕ್ಷೆ ಕೊಡಿಸಿದೋರಿಗೆ ಶರಣರ ಮಾತು ಎಲ್ಲರಿಗಿಂತ ಚೆನ್ನಾಗಿ ಅರ್ಥ ಆಗಿತ್ತು. "ಇವನಾರವ" ಅನ್ನಬಾರದು ಅನ್ನೋ ಮಾತು ಬರೀ ಮಾತಾಗಿದ್ರೆ ಅವರಿಗೇನೂ ತೊಂದರೆ ಇರ್ಲಿಲ್ಲ, ಅದು ಹೆಣ್ಣು ಗಂಡು ಕೊಡೋ ತನಕ ಬಂದಿದ್ದೇ ಅವರಿಗೆ ಸಂಕಟ. ಇವತ್ತಿಗೂ ಅಷ್ಟೇ. ಭಾನುವಾರದ ಪೇಪರ್ ತೆಗೆದು ವಧು-ವರರ ಕಾಲಂ ನೋಡಿ, ಸಾದರು, ಪಂಚಮಸಾಲಿ, ಬಣಜಿಗ, ಜಂಗಮ ಅಂತ ಒಳಪಂಗಡ ಬಿಡಿಬಿಡಿಯಾಗಿ ಇರುತ್ತೆ, ಅದನ್ನ ಕೊಟ್ಟೋರ ಮನೆ ಹಾಲ್‌ನಲ್ಲೇ "ಇವ ನಮ್ಮವ" ವಚನ ಫ್ರೇಮ್ ಹಾಕಿ ತೂಗುಬಿಟ್ಟಿರ್ತಾರೆ. ಅವರನ್ನ ಕೂರಿಸ್ಕೊಂಡು ಆ ವಚನದ ಅರ್ಥ ಹೇಳಿ ಅಂದ್ರೆ ನಿಮಗಿಂತ ನನಗಿಂತ ಚೆನ್ನಾಗಿ ಹೇಳ್ತಾರೆ, ಬೇಕಾದ್ರೆ ಸ್ಟೇಜ್ ಮೇಲೆ ಅರ್ಧ ಗಂಟೆ ಭಾಷಣ ಮಾಡ್ತಾರೆ. ಮಗಳ ಜಾತಕ ಬಂದಾಗ ಮಾತ್ರ ಬೇರೆ ಲೆಕ್ಕ.

ನಾಯಕನಹಟ್ಟಿ ಜಾತ್ರೆಗೆ ನೀವೂ ಹೋಗಿರ್ತೀರಿ. ತಿಪ್ಪೇರುದ್ರಸ್ವಾಮಿ ಅಂದ್ರೆ ಆ ಬರದ ಸೀಮೆಲಿ ಜನರನ್ನ ಕಟ್ಕೊಂಡು ಕೆರೆ ಕಟ್ಟಿಸಿದ ಮನುಷ್ಯ, "ಮಾಡಿದಷ್ಟು ನೀಡು ಭಿಕ್ಷೆ" ಅಂದೋನು. ದುಡಿದಷ್ಟು ಪಡ್ಕೋ, ಅಷ್ಟೇ. ಇನ್ನು ತೇರಿನ ದಿನ ಸ್ವಾಮಿಯ ಮುಕ್ತಿ ಬಾವುಟ ಅನ್ನೋ ಧ್ವಜ ಹರಾಜಿಗೆ ಬರುತ್ತೆ, ಲಕ್ಷ ಲಕ್ಷ ಕೂಗಿ ಹಿಡಿಯೋದು ಯಾರು ಅಂತ ಪೇಪರಲ್ಲಿ ದೊಡ್ಡದಾಗಿ ಬರುತ್ತೆ. ಮುಕ್ತಿನೂ ಟೆಂಡರ್ ಕರೆದು ಕೊಡೋ ಹಂಗಾಯ್ತಲ್ಲ ಅಂತ ನಗು ಬರುತ್ತೆ ನಿಜ. ಆದ್ರೆ ಅಲ್ಲಿ ಕೊಬ್ಬರಿ ಸುಡೋಕೆ ಬಂದಿರೋ ಚಳ್ಳಕೆರೆ ಕಡೆ ಶೇಂಗಾ ಬೆಳೆಗಾರನಿಗೆ ಆ ಮಾತಿನ ಅರ್ಥ ನೀವು ಕಲಿಸಬೇಕಾ? ಮೈ ಬಗ್ಗಿಸಿ ದುಡಿದೂ ಮಳೆ ಕೈ ಕೊಟ್ಟು, ಮಾಡಿದಷ್ಟು ಸಿಗದೇ ಇರೋ ದುಃಖಕ್ಕೇ ಅವನು ಅಲ್ಲಿಗೆ ಬಂದಿರೋದು. ಅವನನ್ನೂ ಬಾವುಟ ಹಿಡಿದೋನನ್ನೂ ಒಂದೇ ತಕ್ಕಡಿಲಿ ಹಾಕಬೇಡಿ. ನಿಮ್ಮ ಪತ್ರದಲ್ಲಿ ನಂಗೆ ಬೇಜಾರಾಗಿದ್ದು ಇದೊಂದೇ, "ಅಜ್ಞಾನಿ ಭಕ್ತರು" ಅಂತ ಎಲ್ಲರನ್ನೂ ಒಂದೇ ಮಾತಲ್ಲಿ ಮುಗಿಸಿಬಿಟ್ಟಿದೀರಿ.

ಇನ್ನೊಂದು ವಿಷಯ. ನೀವು ಬೈಯೋ ಈ ಬಸವ ಜಯಂತಿ ಸಾರ್ವಜನಿಕವಾಗಿ ಶುರುವಾಗಿದ್ದೇ ನಮ್ಮ ದಾವಣಗೆರೆಲಿ, 1913ರಲ್ಲಿ, ವಿರಕ್ತಮಠದಲ್ಲಿ. ಶುರು ಮಾಡಿದೋರು ಹರ್ಡೇಕರ್ ಮಂಜಪ್ಪ, ಮೃತ್ಯುಂಜಯ ಸ್ವಾಮಿಗಳು ಜೊತೆ ನಿಂತ್ರು. ಮಂಜಪ್ಪ ಇದೇ ಊರಲ್ಲಿ 1906ರಿಂದ ಧನುರ್ಧಾರಿ ಪತ್ರಿಕೆ ನಡೆಸಿದೋರು, ತಿಲಕರನ್ನ ಬಹಳ ಓದ್ಕೊಂಡಿದ್ದೋರು, ಆಮೇಲೆ ಗಾಂಧಿ ದಾರಿ ಹಿಡಿದು ಖಾದಿ, ಬ್ರಹ್ಮಚರ್ಯ, ಸರಳ ಜೀವನ ಅಂತ ಬದುಕಿದೋರು. ಬಸವಣ್ಣನ್ನ ಅವರಿಗಿಂತ ಚೆನ್ನಾಗಿ ತಿಳ್ಕೊಂಡೋರು ಆ ಕಾಲದಲ್ಲಿ ಎಷ್ಟು ಜನ ಇದ್ರು? ಜನಕ್ಕೆ ಬಸವಣ್ಣ ಗೊತ್ತಾಗಲಿ ಅಂತ ಅವರು ಹಚ್ಚಿದ್ದು ಉತ್ಸವ. ಅದೇ ಉತ್ಸವ ಇವತ್ತು ನಿಮ್ಮ ಕಿಟಕಿ ಅದುರಿಸ್ತಿದೆ. ಇದರಲ್ಲಿ ಯಾರು ಯಾರನ್ನ ತಪ್ಪು ತಿಳ್ಕೊಂಡ್ರು ಅಂತ ಬೆರಳು ತೋರಿಸ್ತೀರಿ? ಉತ್ಸವ ಮಾಡೋದು ಸುಲಭ, ಹೆಣ್ಣು ಕೊಡೋದು ಕಷ್ಟ, ಜನ ಸುಲಭದ್ದನ್ನ ಜೋರಾಗಿ ಮಾಡಿದ್ರು.

ಇನ್ನು ನಿಮ್ಮ ಸಲಹೆ. ಪ್ರತಿ ತಿಂಗಳು "ಮೂಲ ಬೋಧನೆ" ಅಂತ ಒಂದು ಕಾಲಂ ಮಾಡಿ, ಒಬ್ಬೊಬ್ಬ ಮಹಾತ್ಮರ ಕಲಬೆರಕೆ ಇಲ್ಲದ ಮಾತನ್ನ ಹಾಕಿ, ಅನುಯಾಯಿಗಳ ಸೇರ್ಪಡೆ ಎಲ್ಲಾ ತೆಗೆದುಹಾಕಿ ಅಂದಿದೀರಿ. ಕ್ಷಮಿಸಿ, ಆಗಲ್ಲ. ಬುದ್ಧ ಒಂದಕ್ಷರ ಬರೀಲಿಲ್ಲ, ಏಸುನೂ ಬರೀಲಿಲ್ಲ, ಬುದ್ಧನ ಮಾತು ನೂರಾರು ವರ್ಷ ಭಿಕ್ಷುಗಳ ಬಾಯಲ್ಲೇ ಇದ್ದು ಆಮೇಲೆ ಸಿಂಹಳದಲ್ಲಿ ಓಲೆಗರಿಗೆ ಬಂತು. ಬಸವಣ್ಣನ ವಚನಗಳದ್ದೂ ಅದೇ ಕಥೆ, ಕಲ್ಯಾಣ ಕೆಟ್ಟ ಮೇಲೆ ಚನ್ನಬಸವಣ್ಣ ಮತ್ತೆ ಶರಣರು ಉಳವಿ ಕಡೆ ಹೊತ್ಕೊಂಡು ಹೋದ್ರು ಅಂತಾರೆ, ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿಕೆ ಮಾಡ್ಕೊಂಡೇ ಊರೂರು ತಿರುಗಿ ಮನೆ ಮಠಗಳಿಂದ ವಚನದ ಓಲೆಗರಿ ಕಟ್ಟು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸಿದ್ರು. ಆ ಕಟ್ಟುಗಳು ಅಲ್ಲೀತನಕ ಎಷ್ಟೋ ಮನೆಗಳಲ್ಲಿ ಹೆಂಗಿದ್ವು? ಜಗಲಿ ಮೇಲೆ, ವಿಭೂತಿ ಹಚ್ಚಿಸ್ಕೊಂಡು, ಪೂಜೆಗೆ. ಬಿಚ್ಚಿ ಓದದೇ ಹೂವಿಟ್ಟು ಕೈಮುಗಿದೋರ ಮನೇಲೇ "ಉಳ್ಳವರು ಶಿವಾಲಯ ಮಾಡುವರು" ಉಳೀತು! ನೀವು ಸೇರ್ಪಡೆ ಅಂತ ತೆಗೆದುಹಾಕಿ ಅನ್ನೋ ಆ ಜನ ಇರದಿದ್ರೆ ಇವತ್ತು ಅವರನ್ನ ಬೈಯೋಕೆ ನಿಮ್ಮ ಕೈಲಿ ವಚನನೇ ಇರ್ತಿರ್ಲಿಲ್ಲ.

ಮತ್ತೆ, ಮೂಲ ನಂಗೆ ಮಾತ್ರ ಗೊತ್ತು ಅಂತ ಹೊರಟೋರೆಲ್ಲಾ ಕೊನೆಗೆ ಒಂದು ಹೊಸ ಪಂಗಡ ಕಟ್ಟಿದಾರೆ. 1517ರಲ್ಲಿ ಲೂಥರ್ ಜರ್ಮನಿಲಿ ಎದ್ದು ನಿಂತ, ಬೈಬಲ್ ಒಂದೇ ಸಾಕು ಅನ್ನೋದು ಅಲ್ಲಿಂದ ಹರಡ್ತು, ಹತ್ತು ವರ್ಷಕ್ಕೆ ಜ್ಯೂರಿಕ್ಕಿನಲ್ಲಿ ಅದೇ ಸುಧಾರಣೆ ಮಾಡ್ಕೊಂಡ ಊರು, ಅದೇ ಬೈಬಲ್ ಓದಿ ದೀಕ್ಷಾಸ್ನಾನ ದೊಡ್ಡೋರಾದ ಮೇಲೆ ಮಾಡಿಸಬೇಕು ಅಂದ ಫೆಲಿಕ್ಸ್ ಮಾಂಜ್ ಅನ್ನೋನನ್ನ ನದೀಲಿ ಮುಳುಗಿಸಿ ಸಾಯಿಸ್ತು. ನಮ್ಮ ಪತ್ರಿಕೆ ಹದಿನಾರು ಪುಟದ್ದು, ಇದರಲ್ಲಿ ಒಂದು ಮತ ಸ್ಥಾಪನೆ ಮಾಡೋಕೆ ನಂಗೆ ಧೈರ್ಯ ಇಲ್ಲ.

ಬದಲಿಗೆ ನೀವೇ ಬರೀರಿ. ಮೂಲ ಏನು ಅಂತ ಬೇಡ, ಅದು ಎಲ್ಲರಿಗೂ ಗೊತ್ತಿರೋದೇ ಅಂತ ಇಟ್ಕೊಂಡು, ನಿಮ್ಮ ಊರಲ್ಲಿ, ನಿಮ್ಮ ಓಣೀಲಿ ಒಂದು ಸೀದಾ ಮಾತಿಂದ ಜನ ಹೆಂಗೆ ನುಣುಚ್ಕೊಂಡ್ರು, ಅಥವಾ ಯಾರಾದ್ರೂ ನುಣುಚದೇ ನಿಂತ್ರಾ, ಒಳಪಂಗಡ ನೋಡದೇ ಮದುವೆ ಮಾಡಿದೋರಿಗೆ ಆಮೇಲೆ ಏನಾಯ್ತು, ಮನೆಯವರು ಯಾವಾಗ ಮಾತಾಡಿಸಿದ್ರು, ಇಂಥವು. ಹೆಸರು ಬೇಡ. ಎರಡು ಪುಟ ಇಡ್ತೀನಿ, ಕೈಬರಹ ಆದ್ರೂ ನಡೆಯುತ್ತೆ. ಹಂಗೇ ಹರಿಹರದ ಹಳೇ ಮನೆಗಳಲ್ಲಿ ಮಂಜಪ್ಪನವರ ಕಾಲದ ಜಯಂತಿ ಕರಪತ್ರ, ಪತ್ರ, ಧನುರ್ಧಾರಿಯ ಹಳೇ ಸಂಚಿಕೆ ಏನಾದ್ರೂ ಯಾರ ಹತ್ತಿರಾದ್ರೂ ಇದ್ರೆ ಮೊಬೈಲಲ್ಲಿ ಒಂದು ಫೋಟೋ ತೆಗೆದು ಕಳಿಸಿ, ಮುಂದಿನ ಸಂಚಿಕೇಲಿ ಹಾಕೋಣ.

– ಸಂ.