ರಾಬರ್ಟಾ ಫ್ಲ್ಯಾಕ್ ಅವರನ್ನು ಯಾವ ಹಾಡಿನಿಂದ ಕೇಳಲು ಶುರು ಮಾಡಲಿ?

ಅಮೆರಿಕದ ಗಾಯಕಿ ರಾಬರ್ಟಾ ಫ್ಲ್ಯಾಕ್ ತೀರಿಹೋದಾಗ ಜನ ಅಷ್ಟೊಂದು ಮರುಗಿದ್ದು ಯಾಕೆ, 'ಕಿಲ್ಲಿಂಗ್ ಮಿ ಸಾಫ್ಟ್ಲಿ' ಬಿಟ್ಟು ಏನೂ ಗೊತ್ತಿಲ್ಲದವರು ಮುಂದೆ ಏನು ಕೇಳಬೇಕು ಅಂತ ಕೇಳಿದ್ದೀರಿ. ನನ್ನ ಉತ್ತರ: 'ದಿ ಫಸ್ಟ್ ಟೈಮ್ ಎವರ್ ಐ ಸಾ ಯುವರ್ ಫೇಸ್'. ಮೊದಲು ಅದು, ಉಳಿದದ್ದೆಲ್ಲ ಆಮೇಲೆ.

ಬ್ರಿಟನ್ನಿನ ಜಾನಪದ ಗಾಯಕ ಈವನ್ ಮೆಕಾಲ್ 1957ರಲ್ಲಿ ಗಾಯಕಿ ಪೆಗಿ ಸೀಗರ್‌ಗಾಗಿ ಕಟ್ಟಿದ ಚಿಕ್ಕ ಹಾಡು ಅದು. ಫ್ಲ್ಯಾಕ್ ತಮ್ಮ ಮೊದಲ ಆಲ್ಬಂ 'ಫಸ್ಟ್ ಟೇಕ್'ನಲ್ಲಿ (1969) ಅದನ್ನು ಐದು ನಿಮಿಷಕ್ಕೂ ಜಾಸ್ತಿ ಹಾಡಿದರು. ಒಂದು ಸಾಲು ಮುಗಿದರೆ ಮುಂದಿನ ಸಾಲಿಗೆ ಕಾಯಬೇಕು. ಹಿಂದೆ ಪಿಯಾನೊ, ಗಿಟಾರ್, ಜಾಝ್ ವಾದಕ ರಾನ್ ಕಾರ್ಟರ್ ಅವರ ಬಾಸ್ (ತಗ್ಗು ಸ್ವರದ ತಂತಿವಾದ್ಯ). ಯಾರಿಗೂ ಅವಸರವಿಲ್ಲ. 'ಫೇಸ್' ಅನ್ನೋ ಒಂದೇ ಪದವನ್ನು ಎಷ್ಟು ಹೊತ್ತು ಹಿಡಿದು, ಹೇಗೆ ಮೆತ್ತಗೆ ಬಿಡುತ್ತಾರೆ ಗಮನಿಸಿ. ಹಿಂದೂಸ್ತಾನಿಯ ನಿಧಾನಗತಿಯ ವಿಲಂಬಿತ್ ಖಯಾಲ್ ಕೇಳಿ ರೂಢಿ ಇದ್ದರೆ ನಿಮಗೆ ತಕ್ಷಣ ಹಿಡಿಸುತ್ತದೆ.

1971ರಲ್ಲಿ ನಟ, ನಿರ್ದೇಶಕ ಕ್ಲಿಂಟ್ ಈಸ್ಟ್‌ವುಡ್ ತಮ್ಮ 'ಪ್ಲೇ ಮಿಸ್ಟಿ ಫಾರ್ ಮಿ' ಸಿನಿಮಾಕ್ಕೆ ಈ ಹಾಡು ಕೇಳಿದರು. ತುಂಬಾ ನಿಧಾನ ಆಯ್ತು, ಇನ್ನೊಂದ್ಸಲ ಸ್ವಲ್ಪ ಬೇಗ ಹಾಡಿ ಕೊಡ್ತೀನಿ ಅಂದರಂತೆ ಫ್ಲ್ಯಾಕ್. ಈಸ್ಟ್‌ವುಡ್ ಒಪ್ಪಲಿಲ್ಲ. 1972ರಲ್ಲಿ ಅದೇ ನಿಧಾನದ ಹಾಡು ಅಮೆರಿಕದಲ್ಲಿ ಆರು ವಾರ ನಂಬರ್ ಒನ್ ಆಗಿತ್ತು.

ಆಗ ಫ್ಲ್ಯಾಕ್‌ಗೆ 35. ಚಿಕ್ಕಂದಿನಲ್ಲಿ ಅಪ್ಪ ಗುಜರಿಯಲ್ಲಿ ಸಿಕ್ಕ ಹಳೇ ಪಿಯಾನೊ ತಂದು, ಹಸಿರು ಬಣ್ಣ ಬಳಿದು ಕೊಟ್ಟಿದ್ದರು. 15ನೇ ವಯಸ್ಸಿಗೇ ಸ್ಕಾಲರ್‌ಶಿಪ್ ಪಡೆದು ಹೊವರ್ಡ್ ವಿಶ್ವವಿದ್ಯಾಲಯ ಸೇರಿದರು. ಕಲಿತದ್ದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಆಮೇಲೆ ಶಾಲೆಯಲ್ಲಿ ಪಾಠ ಹೇಳಿದರು, ವಾಷಿಂಗ್ಟನ್ನಿನ 'ಮಿಸ್ಟರ್ ಹೆನ್ರೀಸ್' ಅನ್ನೋ ಜಾಗದಲ್ಲಿ ಹಾಡಿದರು.

ಆ ಕಲಿಕೆ ಎಲ್ಲಿ ಕಾಣುತ್ತದೆ ಗೊತ್ತಾ? ನಿಮಗೆ ಗೊತ್ತಿರುವ 'ಕಿಲ್ಲಿಂಗ್ ಮಿ ಸಾಫ್ಟ್ಲಿ'ಯಲ್ಲೇ. ಗಾಯಕಿ ಲೋರಿ ಲೀಬರ್‌ಮನ್ ಹಾಡಿದ್ದನ್ನು ಫ್ಲ್ಯಾಕ್ ವಿಮಾನದಲ್ಲಿ ಕೇಳಿ ಮನಸೋತರು. ಆದರೆ ಇದ್ದ ಹಾಗೇ ಹಾಡಲಿಲ್ಲ. ಕೆಲವು ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬದಲಾಯಿಸಿದರು. ದುಗುಡದ ಮೈನರ್ ಸ್ವರಗಳಲ್ಲಿ ಸಾಗುವ ಹಾಡನ್ನು ಕೊನೆಗೆ ಬೆಳಕಿನ ಭಾವದ ಮೇಜರ್ ಕಾರ್ಡ್‌ನಲ್ಲಿ ಮುಗಿಸಿದರು. ಮೂಲದಲ್ಲಿ ಅದು ಇರಲಿಲ್ಲ. ಈ ಸಲ ಕೊನೇ ಸೆಕೆಂಡಿನವರೆಗೂ ಕೇಳಿ, ಸುಮ್ನೆ ಮುಂದಿನ ಹಾಡಿಗೆ ಹಾರಬೇಡಿ. 'ಫಸ್ಟ್ ಟೈಮ್' ಮತ್ತು ಇದು, ಈ ಎರಡು ಹಾಡುಗಳಿಗೆ 1973 ಮತ್ತು 1974ರಲ್ಲಿ, ಸತತ ಎರಡು ವರ್ಷ, 'ರೆಕಾರ್ಡ್ ಆಫ್ ದ ಇಯರ್' ಗ್ರ್ಯಾಮಿ ಬಂತು. ಅದಕ್ಕೆ ಮುಂಚೆ ಯಾರಿಗೂ ಹಾಗೆ ಬಂದಿರಲಿಲ್ಲ. 1996ರಲ್ಲಿ ಹಿಪ್‌ಹಾಪ್ ತಂಡ ಫ್ಯೂಜೀಸ್‌ಗಾಗಿ ಲಾರಿನ್ ಹಿಲ್ ಹಾಡಿದ್ದೂ ಚೆನ್ನಾಗಿದೆ, ಆದರೆ ನನ್ನ ಒಲವು ಫ್ಲ್ಯಾಕ್ ಕಡೆಗೇ. ಅಮೆರಿಕದ ಕಪ್ಪು ಜನರ ಭಾವತೀವ್ರ ಸೋಲ್ ಸಂಗೀತದಲ್ಲಿ ದನಿ ಏರಿಸಿ ಎದೆ ನಡುಗಿಸುವವರು ಬಹಳ ಮಂದಿ ಇದ್ದಾರೆ. ಇವರು ದನಿ ತಗ್ಗಿಸಿಯೇ ಆ ಕೆಲಸ ಮಾಡಿದರು.

ಗಾಯಕ ಡಾನಿ ಹ್ಯಾಥವೇ ಜೊತೆಗಿನ ಯುಗಳಗೀತೆಗಳನ್ನು ದಯವಿಟ್ಟು ಬಿಡಬೇಡಿ. ಅವರೂ ಹೊವರ್ಡ್‌ನಲ್ಲಿ ಓದಿದವರೇ. 'ವೇರ್ ಈಸ್ ದ ಲವ್' (1972) ಹಗುರ, ಲವಲವಿಕೆಯ ಹಾಡು. 'ದಿ ಕ್ಲೋಸರ್ ಐ ಗೆಟ್ ಟು ಯು' (1978) ಕೇಳುವಾಗ ನನಗೆ ಗಂಟಲು ಕಟ್ಟುತ್ತದೆ. 1979ರ ಜನವರಿಯಲ್ಲಿ, ಇಬ್ಬರೂ ಎರಡನೇ ಆಲ್ಬಂ ಮಾಡುತ್ತಿದ್ದಾಗ, ಹ್ಯಾಥವೇ ತೀರಿಕೊಂಡರು. 33 ವರ್ಷ ಅಷ್ಟೆ.

ಫ್ಲ್ಯಾಕ್‌ಗೆ ಎಎಲ್ಎಸ್ (ಸ್ನಾಯುಗಳನ್ನು ನಡೆಸುವ ನರಗಳು ಕ್ಷೀಣಿಸುವ ಕಾಯಿಲೆ) ಇದೆ, ಇನ್ನು ಹಾಡಲಾರರು ಅಂತ 2022ರಲ್ಲಿ ತಿಳಿಸಿದ್ದರು. 2025ರ ಫೆಬ್ರವರಿ 24ರಂದು, 88ನೇ ವಯಸ್ಸಿನಲ್ಲಿ ಹೋದರು. ಮರುಗಿದವರಲ್ಲಿ ನಾನೂ ಒಬ್ಬ.

ಕೊನೆಗೊಂದು ಮಾತು. 'ಫಸ್ಟ್ ಟೈಮ್' ಹುಡುಕುವಾಗ ರೇಡಿಯೊಗಾಗಿ ಕತ್ತರಿಸಿದ ಸಿಂಗಲ್ ಬೇಡ, ಆಲ್ಬಂನಲ್ಲಿರುವ ಪೂರ್ತಿ ಹಾಡನ್ನೇ ಹಾಕಿ. ಅದು ಹಿಡಿಸಿದರೆ ಅದೇ ಆಲ್ಬಂನ ಮೊದಲ ಹಾಡು 'ಕಂಪೇರ್ಡ್ ಟು ವಾಟ್' ಕೇಳಿ. ವಿಯೆಟ್ನಾಂ ಯುದ್ಧದ ಕಾಲದ ಸಿಟ್ಟಿನ ಹಾಡು ಅದು, ಫ್ಲ್ಯಾಕ್ ಅವರ ಇನ್ನೊಂದು ಮುಖ ಅಲ್ಲಿದೆ.